ಮರದ ಪಜಲ್ ಮಾಡಿ ಮಾರಬೇಕಾ? ಸ್ಕ್ರೋಲ್ ಸಾ, ಲೇಸರ್, ಕೈಗರಗಸದಲ್ಲಿ ಯಾವುದು ತಗೊಳ್ಳಬೇಕು

ಯಾವ ಮಷೀನ್ ತಗೊಳ್ಳಲಿ ಅಂತ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ. ಏನು ಮಾರುತ್ತೀರಿ, ಯಾರಿಗೆ ಮಾರುತ್ತೀರಿ? ಅಲ್ಲಿಗೆ ಹೆಚ್ಚಿನವರು ಸುಮ್ಮನಾಗುತ್ತಾರೆ. ನಾನೂ ಹಾಗೇ ಇದ್ದವನು. ಕೊಪ್ಪಳದಲ್ಲಿ ಅಪ್ಪನದು ಬಾಗಿಲು, ಚೌಕಟ್ಟು ಮಾಡುವ ಶೆಡ್. ಅದರ ಮೂಲೆಯಲ್ಲಿ ಮಷೀನ್ ತಂದು ಕೂರಿಸಿ, ಪ್ಲಗ್ ಹಾಕಿ, ಆಮೇಲೆ ಇದರಲ್ಲಿ ಏನು ಮಾಡೋಣ ಅಂತ ತಲೆ ಕೆರೆದುಕೊಂಡೆ. ಒಂದು ವರ್ಷ ಅದರಲ್ಲೇ ಹೋಯಿತು.

ಸ್ಕ್ರೋಲ್ ಸಾ ನೋಡದವರಿಗೆ ಒಂದು ಮಾತು. ಹೊಲಿಗೆ ಮಷೀನಿನಲ್ಲಿ ಸೂಜಿ ಮೇಲೆ ಕೆಳಗೆ ಆಡುತ್ತದಲ್ಲ, ಇಲ್ಲಿ ಸೂಜಿಯ ಜಾಗದಲ್ಲಿ 5 ಇಂಚಿನ ಸಣ್ಣ ಗರಗಸದ ಬ್ಲೇಡ್ ಇರುತ್ತದೆ. ಬಟ್ಟೆ ತಿರುಗಿಸಿದ ಹಾಗೆ ಹಲಗೆಯನ್ನು ತಿರುಗಿಸುತ್ತಾ ಗೆರೆ ಮೇಲೆ ಹೋಗಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನನ್ನ ಸೋದರಮಾವನ ಮಗ ಒಂದು ಸಲ ಬಂದು ಕೂತವನು ಅರ್ಧ ಗಂಟೆಯಲ್ಲಿ ನನಗಿಂತ ಚೆಂದ ಕತ್ತರಿಸಿದ. ನನಗೆ ಅದಕ್ಕೆ ತಿಂಗಳು ಬೇಕಾಗಿತ್ತು.

ಮೊದಲು ಕೈಗರಗಸದ ಮಾತು ಮುಗಿಸಿಬಿಡೋಣ. ಫ್ರೆಟ್ ಸಾ ಅಂತ ಸಿಗುತ್ತದೆ, ಯು ಆಕಾರದ ಕಬ್ಬಿಣದ ಚೌಕಟ್ಟಿಗೆ ಸಣ್ಣ ಬ್ಲೇಡ್ ಕಟ್ಟಿರುತ್ತದೆ. ಕೆಲವೇ ನೂರು ರೂಪಾಯಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ನಕಾಶೆಗಳನ್ನು ಹಲಗೆಗೆ ಅಂಟಿಸಿ, ದೇಶದೇಶದ ಗಡಿಗೆ ಕತ್ತರಿಸಿ ಮಕ್ಕಳಿಗೆ ಮಾರಿದಾಗ ಅವನಿಗೆ ಕರೆಂಟೇನೂ ಇರಲಿಲ್ಲ. ಹಾಗಾಗಿ ಆಗದ ಕೆಲಸ ಅಲ್ಲ. ಆದರೆ ಮಾರುವುದಕ್ಕೆ ಅಂತ ದಿನಾ ಕತ್ತರಿಸಿದರೆ ಭುಜ ಬಿದ್ದುಹೋಗುತ್ತದೆ, ಮೇಲಾಗಿ ದಪ್ಪ ಹಲಗೆಯಲ್ಲಿ ಬ್ಲೇಡ್ ನೆಟ್ಟಗೆ ನಿಲ್ಲಿಸುವುದು ಕಷ್ಟ. ಈ ಕೆಲಸ ನನಗೆ ಹಿಡಿಸುತ್ತದಾ ಇಲ್ಲವಾ ಅಂತ ನೋಡಲು ತಗೊಳ್ಳಿ. ಹದಿನೈದು ದಿನ ಮಾಡಿ ಬೇಜಾರಾಯಿತಾ, ದೊಡ್ಡ ರೊಕ್ಕ ಉಳಿಯಿತು ಅಂದುಕೊಳ್ಳಿ.

ಇನ್ನು ನಿಜವಾದ ಜಗಳ ಸ್ಕ್ರೋಲ್ ಸಾ ಮತ್ತು ಲೇಸರ್ ನಡುವಿನದು.

ಲೇಸರ್ ಕತ್ತರಿಸುವುದಿಲ್ಲ, ಸುಡುತ್ತದೆ. ಇದೊಂದು ಗೊತ್ತಿದ್ದರೆ ಅರ್ಧ ತೀರ್ಮಾನ ಆದ ಹಾಗೆ. 3 ಮಿ.ಮೀ., 4 ಮಿ.ಮೀ. ಎಂಡಿಎಫ್ (ಕಟ್ಟಿಗೆ ನಾರಿಗೆ ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಹಾಕಿದರೆ ಸರಸರ ಅಂತ ಹೋಗುತ್ತದೆ. ಕಂಪ್ಯೂಟರಿನಲ್ಲಿ ಗೆರೆ ಹೇಗಿದೆಯೋ ಹಾಗೇ ಬರುತ್ತದೆ, ನೂರನೇ ತುಂಡು ಮೊದಲನೆಯದರ ಹಾಗೇ ಇರುತ್ತದೆ, ಮೇಲೆ ಹೆಸರನ್ನೂ ಕೊರೆಯುತ್ತದೆ. ಆದರೆ ಅಂಚು ಕಪ್ಪು. ಒರೆಸದೆ ಕೊಟ್ಟರೆ ಮಗುವಿನ ಕೈಯೆಲ್ಲ ಮಸಿ, ಡಬ್ಬಿ ತೆಗೆದರೆ ಸುಟ್ಟ ವಾಸನೆ. ಮೊದಲ ಸಲ ನಾನು ಮಾಡಿಸಿಕೊಂಡು ಬಂದ ತುಂಡನ್ನು ಅಪ್ಪ ತಿರುಗಿಸಿ ತಿರುಗಿಸಿ ನೋಡಿ, "ತಮ್ಮಾ, ಸೀದ ರೊಟ್ಟಿ ಇದ್ದಂಗ ಐತಲ್ಲೋ" ಅಂದರು.

ಇನ್ನೊಂದು, ನಮ್ಮ ಕಡೆ ಸಿಗುವ ಸಾಮಾನ್ಯ ಪ್ಲೈವುಡ್ ಒಳಗೆ ಗಂಟು, ಸಂದು, ಎಲ್ಲೆಂದರಲ್ಲಿ ಅಂಟಿನ ಗುಡ್ಡೆ ಇರುತ್ತದೆ. ಲೇಸರ್ ಅಂಥ ಜಾಗದಲ್ಲಿ ಪೂರ್ತಿ ಇಳಿಯುವುದಿಲ್ಲ. ಮೇಲಿಂದ ಕತ್ತರಿಸಿದ ಹಾಗೆ ಕಾಣುತ್ತದೆ, ಎತ್ತಿದರೆ ಬರುವುದಿಲ್ಲ. ಸ್ಕ್ರೋಲ್ ಸಾಗೆ ಅದೆಲ್ಲ ಲೆಕ್ಕಕ್ಕಿಲ್ಲ. 25 ಮಿ.ಮೀ. ದಪ್ಪದ ಕಟ್ಟಿಗೆಯನ್ನೂ ಕತ್ತರಿಸುತ್ತದೆ, ನಿಧಾನ ಅಷ್ಟೇ. ಸಣ್ಣ ಲೇಸರಿಗೆ ಆ ದಪ್ಪ ಆಗದ ಮಾತು.

ಕರೆಂಟ್ ವಿಷಯಕ್ಕೆ ಬಂದರೆ ಸಣ್ಣ ಸ್ಕ್ರೋಲ್ ಸಾ 100 ವ್ಯಾಟ್ ಆಸುಪಾಸಿನದು. ಮನೆ ಇನ್ವರ್ಟರ್ ಮೇಲೂ ಓಡಿಸಿದ್ದೇನೆ. ಕರೆಂಟ್ ಹೋದರೆ ಬ್ಲೇಡ್ ನಿಂತ ಜಾಗದಲ್ಲೇ ನಿಲ್ಲುತ್ತದೆ, ಬಂದ ಮೇಲೆ ಅಲ್ಲಿಂದಲೇ ಶುರು. ಲೇಸರಿನಲ್ಲಿ ಅರ್ಧ ಹಲಗೆ ಆದಾಗ ಕರೆಂಟ್ ಹೋದರೆ ಎಷ್ಟೋ ಮಷೀನುಗಳಿಗೆ ತಾನು ಎಲ್ಲಿದ್ದೆ ಅಂತಲೇ ಮರೆತುಹೋಗುತ್ತದೆ, ಆ ಹಲಗೆ ಒಲೆಗೆ. ರಾಯಚೂರಿನ ಶಕ್ತಿನಗರದಲ್ಲಿ ರಾಜ್ಯಕ್ಕೆಲ್ಲ ಕರೆಂಟ್ ಮಾಡುತ್ತಾರೆ, ಪಕ್ಕದ ಜಿಲ್ಲೆಯ ನಾವು ಏಪ್ರಿಲ್‌ನಲ್ಲಿ ಬೀಸಣಿಗೆ ಹಿಡಿದು ಕೂತಿರುತ್ತೇವೆ, ಅದು ಬೇರೆ ಮಾತು ಬಿಡಿ.

ಹಾಗಾದರೆ ನನ್ನ ತೀರ್ಮಾನ ಏನು? ಚಪ್ಪಟೆ ಪಜಲ್, ತುಂಡು ಜಾಸ್ತಿ, ಒಂದೇ ಡಿಸೈನ್ ನೂರಾರು ಬೇಕು ಅನ್ನುವುದಾದರೆ ಲೇಸರ್. ಆದರೆ ಕೊಳ್ಳಬೇಡಿ. ಟ್ರೋಫಿ, ನಾಮಫಲಕ ಮಾಡುವ ಅಂಗಡಿಗಳಲ್ಲಿ ಸಿಒ2 ಅನ್ನುವ ಬಗೆಯ ಲೇಸರ್ ಮಷೀನ್ ಇಟ್ಟಿರುತ್ತಾರೆ, ಫೈಲ್ ಕೊಟ್ಟರೆ ಕೂಲಿಗೆ ಕತ್ತರಿಸಿಕೊಡುತ್ತಾರೆ. ಹಂಪಿಗೆ ಬರುವವರಿಗೆ ಅಂತ ಕಲ್ಲಿನ ರಥದ ಪಜಲ್ ಮಾಡುತ್ತೇನೆ, 50 ರೂಪಾಯಿ ನೋಟಿನ ಹಿಂದೆ ಇದೆಯಲ್ಲ, ಅದೇ ರಥ. ಅದನ್ನು ನಾನು ಒಂದು ದಿನವೂ ನನ್ನ ಮಷೀನಿನಲ್ಲಿ ಕತ್ತರಿಸಿಲ್ಲ. ಚಕ್ರದ ಕೆತ್ತನೆಯ ಗೆರೆಗಳನ್ನು ಸ್ಕ್ರೋಲ್ ಸಾದಲ್ಲಿ ತಿರುಗಿಸಲು ಹೋದರೆ ಒಂದಕ್ಕೇ ಇಡೀ ದಿನ ಬೇಕು, ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ.

ದಪ್ಪ ತುಂಡು, ಮಗುವಿನ ಕೈಗೆ ಹಿಡಿಯುವಂಥದ್ದು, ನಿಲ್ಲಿಸಿ ಆಡುವ ಆನೆ, ಆಕಳು, ಕರಡಿ ಅನ್ನುವುದಾದರೆ ಕಣ್ಣು ಮುಚ್ಚಿ ಸ್ಕ್ರೋಲ್ ಸಾ ತಗೊಳ್ಳಿ. ಅಲ್ಲಿ ಲೇಸರಿನವನು ನಿಮಗೆ ಪೈಪೋಟಿ ಕೊಡಲಾರ. ನಮ್ಮ ಜಿಲ್ಲೆಯ ಭಾನಾಪುರದ ಟಾಯ್ ಕ್ಲಸ್ಟರಿನ, ಅಂದರೆ ಆಟಿಕೆ ಕಾರ್ಖಾನೆಗಳ ಕಡೆಯಿಂದಲೂ ಹೆದರಿಕೆ ಇಲ್ಲ, ಅಲ್ಲಿನ ಕೆಲಸದ ಲೆಕ್ಕವೇ ಬೇರೆ, ಅವರಿಗೆ ಏಳು ತುಂಡಿನ ಬೇವಿನ ಆನೆ ಬೇಕಿಲ್ಲ.

ಸ್ಕ್ರೋಲ್ ಸಾ ಅಂತ ತೀರ್ಮಾನ ಮಾಡಿದಿರಿ ಅಂದುಕೊಳ್ಳೋಣ. ಈಗ ಯಾವುದು? ಮೋಟರ್ ಎಷ್ಟು ವ್ಯಾಟ್, ಲೈಟ್ ಇದೆಯಾ, ಪುಡಿ ಊದುವ ಪೈಪ್ ಇದೆಯಾ, ಇದೆಲ್ಲ ಆಮೇಲೆ. ಮೊದಲು ಬ್ಲೇಡ್ ಹಿಡಿಯುವ ಜಾಗ ನೋಡಿ. ಕೆಲವು ಮಷೀನುಗಳು ಪಿನ್ ಇರುವ ಬ್ಲೇಡ್ ಮಾತ್ರ ಹಿಡಿಯುತ್ತವೆ, ಬ್ಲೇಡಿನ ಎರಡೂ ತುದಿಗೆ ಅಡ್ಡಕ್ಕೆ ಸಣ್ಣ ಕಡ್ಡಿ ಇರುತ್ತದೆ, ಅದನ್ನು ಕೊಕ್ಕೆಗೆ ಸಿಕ್ಕಿಸುವುದು. ಸುಲಭ. ಆದರೆ ಒಳಗಿನ ತೂತು ಕತ್ತರಿಸಬೇಕಾದರೆ ಮೊದಲು ಡ್ರಿಲ್ ಮಾಡಿ ಬ್ಲೇಡನ್ನು ಆ ತೂತಿನಿಂದ ದಾಟಿಸಬೇಕು, ಪಿನ್ ದಾಟಲು 4–5 ಮಿ.ಮೀ. ತೂತು ಬೇಕೇ ಬೇಕು. ಪಿನ್ ಇಲ್ಲದ ಚಪ್ಪಟೆ ಬ್ಲೇಡಿಗೆ ಒಂದು, ಒಂದೂವರೆ ಮಿ.ಮೀ. ಸಾಕು. ತೀರಾ ಸಣ್ಣ ಬ್ಲೇಡುಗಳಂತೂ ಪಿನ್ ಇಲ್ಲದವುಗಳಲ್ಲಿ ಮಾತ್ರ ಸಿಗುತ್ತವೆ.

ಇದು ಕನ್ನಡದವರಿಗೆ ಇನ್ನೂ ಮುಖ್ಯ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಒಳತೂತು ಇರುವುದು ಎ, ಬಿ, ಡಿ ತರದ ಕೆಲವೇ. ನಮ್ಮ ವರ್ಣಮಾಲೆಯ 49 ಅಕ್ಷರ ಬರೆದು ನೋಡಿ, ರ, ಠ, ಥ, ಧ, ಎಲ್ಲಿ ನೋಡಿದರೂ ಸುತ್ತು, ಸುತ್ತಿನೊಳಗೆ ತೂತು. ನನ್ನ ಮೊದಲ ಮಷೀನ್ ಪಿನ್ ಬ್ಲೇಡಿನದು. ಆನ್‌ಲೈನ್‌ನಲ್ಲಿ ತರಿಸಿದ್ದು, ಮಾರುವವನು ಎರಡೂ ಬ್ಲೇಡ್ ಹಿಡಿಯುತ್ತದೆ ಅಂತ ಬರೆದಿದ್ದ, ಬಂದ ಡಬ್ಬಿಯಲ್ಲಿ ಚಪ್ಪಟೆ ಬ್ಲೇಡಿನ ಹಿಡಿಕೆಯೇ ಇರಲಿಲ್ಲ. ಅದರಲ್ಲಿ ಮಾಡಿದ "ರ" ಬಂಡಿಚಕ್ರದ ಹಾಗೆ ಕಾಣುತ್ತಿತ್ತು. ನಮ್ಮ ಓಣಿಯ ಅಂಗನವಾಡಿ ಅಕ್ಕೋರು ಕೈಗೆತ್ತಿಕೊಂಡು "ಇದು ಸೊನ್ನೀನೋ, ರಾನೋ?" ಅಂತ ಕೇಳಿದ ಮೇಲೆ ಆ ಇಡೀ ಸೆಟ್ಟು ಅಟ್ಟ ಸೇರಿತು.

ಅಕ್ಷರದ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ತಲೆಕಟ್ಟು ಮುರಿಯುತ್ತದೆ. ಗಟ್ಟಿ ಕಟ್ಟಿಗೆಯಲ್ಲಿ, ಅಂದರೆ ಮರದಿಂದ ನೇರ ಸೀಳಿದ ಹಲಗೆಯಲ್ಲಿ, ನಾರು ಒಂದೇ ದಿಕ್ಕಿಗೆ ಓಡುತ್ತದೆ. ತಲೆಕಟ್ಟಿನ ಸಣ್ಣ ಮೂತಿ ಆ ನಾರಿಗೆ ಅಡ್ಡ ಬಂದರೆ, ಮಗು ಎರಡು ಸಲ ಎಸೆದರೆ ಸಾಕು, ಟಪ್ಪಂತ ಹೋಗುತ್ತದೆ. ಅದಕ್ಕೆ ಅಕ್ಷರಗಳಿಗೆ ಮಾತ್ರ ಪ್ಲೈವುಡ್ಡೇ ಸರಿ, 9 ಅಥವಾ 12 ಮಿ.ಮೀ. ಅದರಲ್ಲಿ ಪದರಗಳು ಒಂದಕ್ಕೊಂದು ಅಡ್ಡಡ್ಡ ಕೂತಿರುವುದರಿಂದ ಯಾವ ಕಡೆಯೂ ಸುಲಭಕ್ಕೆ ಒಡೆಯುವುದಿಲ್ಲ.

ಮಷೀನಿಗೆ ವಾಪಸ್ ಬರೋಣ. 16 ಇಂಚಿನ ಅಗ್ಗದ ಮಷೀನುಗಳು ಹತ್ತು ಹದಿನೈದು ಸಾವಿರದಿಂದ ಮೇಲೆ ಸಿಗುತ್ತವೆ, ಬೆಲೆ ಏರಿಳಿಯುತ್ತಲೇ ಇರುತ್ತದೆ. 16 ಇಂಚು ಅಂದರೆ ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಜಾಗ, ಅದಕ್ಕಿಂತ ದೊಡ್ಡ ಹಲಗೆ ತಿರುಗಿಸಲು ಆಗುವುದಿಲ್ಲ. ಪಜಲ್‌ಗೆ ಇಷ್ಟು ಧಾರಾಳ ಸಾಕು. ಇವುಗಳ ದೊಡ್ಡ ರೋಗ ನಡುಕ. ಮೇಜಿಗೆ ಬೋಲ್ಟ್ ಹಾಕಿ ಬಿಗಿಯದೆ ಓಡಿಸಿದರೆ ಮಷೀನ್ ತಾನೇ ನಡೆದುಕೊಂಡು ಹೋಗುತ್ತದೆ. ನಾನು ದಪ್ಪನೆಯ ಶಹಾಬಾದ್ ಕಲ್ಲಿನ ಚಪ್ಪಡಿಗೆ ತೂತು ಹೊಡೆಸಿ, ನಡುವೆ ಹಳೆ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ಕೊಟ್ಟು ಬಿಗಿದೆ. ಈಗ ಮೇಲೆ ಚಹಾದ ಲೋಟ ಇಟ್ಟರೂ ತುಳುಕುವುದಿಲ್ಲ.

ಡಿವಾಲ್ಟ್, ಹೆಗ್ನರ್, ಎಕ್ಸ್‌ಕ್ಯಾಲಿಬರ್ ಅಂತ ದೊಡ್ಡ ಹೆಸರಿನ ಮಷೀನುಗಳ ವಿಡಿಯೋ ನೋಡಿ ಆಸೆಪಡುವವರು ಒಂದು ನೆನಪಿಡಿ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಮಷೀನು 120 ವೋಲ್ಟಿನದು, ನಮ್ಮದು 230. ಸಂಬಂಧಿಕರ ಕೈಯಲ್ಲಿ ತರಿಸಿಕೊಂಡು ನೇರ ಪ್ಲಗ್ ಹಾಕಿದರೆ ಸುಟ್ಟಿತು. ಟ್ರಾನ್ಸ್‌ಫಾರ್ಮರ್ ಬೇಕು, ಕೆಟ್ಟರೆ ಬಿಡಿಭಾಗಕ್ಕೆ ಕಾಯಬೇಕು. ದಿನಕ್ಕೆ ಆರೇಳು ಗಂಟೆ ಕೂರುವ ಮಟ್ಟಕ್ಕೆ ವ್ಯಾಪಾರ ಬೆಳೆದ ಮೇಲೆ ಅದರ ಯೋಚನೆ ಮಾಡಿ. ಶುರುವಿನಲ್ಲಿ ಎರಡೂ ಬ್ಲೇಡ್ ಹಿಡಿಯುವ, ವೇಗ ಹೆಚ್ಚು ಕಡಿಮೆ ಮಾಡಬಹುದಾದ ಅಗ್ಗದ ಮಷೀನೇ ಸಾಕು.

ತಂದ ದಿನವೇ ಮಾಡಬೇಕಾದ ಪರೀಕ್ಷೆ ಒಂದಿದೆ. ದಪ್ಪನೆಯ ಕಟ್ಟಿಗೆ ತುಂಡಿಗೆ ಮುಂದಿನಿಂದ ಸ್ವಲ್ಪ ಗಾಯ ಮಾಡಿ, ಮಷೀನ್ ನಿಲ್ಲಿಸಿ, ಅದೇ ತುಂಡನ್ನು ತಿರುಗಿಸಿ ಬ್ಲೇಡಿನ ಹಿಂದಕ್ಕೆ ತನ್ನಿ. ಬ್ಲೇಡ್ ಆ ಗಾಯದೊಳಗೆ ಸರಾಗ ಕೂತರೆ ಟೇಬಲ್ ನೆಟ್ಟಗಿದೆ. ಕೂರಲಿಲ್ಲವಾ, ಟೇಬಲ್ ವಾಲಿದೆ. ಒಂಚೂರು ವಾಲಿದರೂ ಪಜಲಿನ ತುಂಡು ಮೇಲಿಂದ ಬರುತ್ತದೆ, ಕೆಳಗಿಂದ ಬರುವುದಿಲ್ಲ. ಟೇಬಲ್ಲಿನ ಕೆಳಗೆ ಬರೆದಿರುವ ಡಿಗ್ರಿ ಗೆರೆಗಳನ್ನು ನಂಬಬೇಡಿ, ನನ್ನದರಲ್ಲಿ ಸೊನ್ನೆ ಅಂತ ತೋರಿಸುವ ಜಾಗ ಸೊನ್ನೆ ಅಲ್ಲ.

ಬ್ಲೇಡಿನ ನಂಬರ್ ಹೆಚ್ಚಾದಷ್ಟು ಬ್ಲೇಡ್ ದೊಡ್ಡದು. 2/0 ಅಂದರೆ ಸೊನ್ನೆ ನಂಬರಿಗಿಂತಲೂ ಸಣ್ಣದು, ಕಾಲು ಮಿ.ಮೀ. ದಪ್ಪದ್ದು, ಕೂದಲಿನಂಥ ಗೆರೆ ಬಿಡುತ್ತದೆ, ಚಪ್ಪಟೆ ಚಿತ್ರದ ಪಜಲ್‌ಗೆ ಅದು. 3 ಮತ್ತು 5 ದಿನನಿತ್ಯಕ್ಕೆ. 18–25 ಮಿ.ಮೀ. ಗಟ್ಟಿ ಕಟ್ಟಿಗೆಗೆ 5 ಅಥವಾ 7. ಕೆಳಗಿನ ಕೆಲವು ಹಲ್ಲು ಉಲ್ಟಾ ಇರುವ ರಿವರ್ಸ್ ಬ್ಲೇಡ್ ಬಳಸಿದರೆ ಪ್ಲೈವುಡ್ಡಿನ ತಳ ಸೀಳುವುದಿಲ್ಲ, ಉಜ್ಜುವ ಕೆಲಸ ಅರ್ಧ ಉಳಿಯುತ್ತದೆ. ಸುರುಳಿ ಬ್ಲೇಡ್ ಎಲ್ಲ ಕಡೆಗೂ ಕತ್ತರಿಸುತ್ತದೆ ಅಂತ ಮಾರುತ್ತಾರೆ, ಪಜಲ್‌ಗೆ ಬೇಡ, ಗೆರೆ ಅಗಲವಾಗಿ ತುಂಡುಗಳು ಲಡಲಡ ಆಗುತ್ತವೆ. ಹೊಸಬರು ಗಾಬರಿಯಾಗುವುದು ಬ್ಲೇಡ್ ಒಂದು ಕಡೆಗೆ ಎಳೆದಾಗ. ಮಷೀನ್ ಕೆಟ್ಟಿಲ್ಲ. ಬ್ಲೇಡ್ ತಯಾರಿಸುವಾಗ ಒಂದು ಬದಿಗೆ ಸಣ್ಣ ಮುಳ್ಳು ಉಳಿದಿರುತ್ತದೆ, ಆ ಕಡೆ ಜಾಸ್ತಿ ಹರಿತ. ಹಲಗೆಯನ್ನು ಒಂಚೂರು ಓರೆ ಹಿಡಿದು ತಳ್ಳುವುದು ಕೈಗೆ ತಾನಾಗಿ ಬರುತ್ತದೆ. ಹಲಗೆ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿ ಕತ್ತರಿಸಿ, ಬ್ಲೇಡ್ ಬಿಸಿಯಾಗಿ ಕಟ್ಟಿಗೆ ಸುಡುವುದು ಬಹಳ ಕಡಿಮೆಯಾಗುತ್ತದೆ.

ಕಟ್ಟಿಗೆ ಆರಿಸುವುದರಲ್ಲಿ ನಾನು ತಿಂದ ಪೆಟ್ಟು ಬಹಳ. ಮೊದಲು ಎಲ್ಲರೂ ಹೇಳುವುದು ಎಂಡಿಎಫ್. ಅಗ್ಗ, ಸಮ, ಬಣ್ಣ ಚೆಂದ ಕೂರುತ್ತದೆ. ಆದರೆ ನೀರು ತಾಗಿದರೆ ಉಬ್ಬುತ್ತದೆ, ಬಾಯಿಗೆ ಹಾಕಿಕೊಳ್ಳುವ ಮಕ್ಕಳಿಗೆ ನಾನು ಕೊಡುವುದಿಲ್ಲ, ಅದರ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಕತ್ತರಿಸುವಾಗ ಏಳುವ ಪುಡಿ ಹಿಟ್ಟಿನ ಗಿರಣಿಯ ಹಾಗೆ, ಎನ್95 ಮಾಸ್ಕ್ ಇಲ್ಲದೆ ಕೂರಬೇಡಿ.

ತೇಗದ ಚೂರು ನಮ್ಮ ಶೆಡ್ಡಿನಲ್ಲೇ ಬುಟ್ಟಿಗಟ್ಟಲೆ ಬೀಳುತ್ತದೆ, ಬಣ್ಣವೂ ಬೇಕಿಲ್ಲ, ಎಣ್ಣೆ ಸವರಿದರೆ ಹೊಳೆಯುತ್ತದೆ. ತೇಗದೊಳಗೆ ಮರಳಿನ ಅಂಶ ಇರುವುದರಿಂದ ಬ್ಲೇಡ್ ಬೇಗ ಮೊಂಡಾಗುತ್ತದೆ, ಅದೊಂದೇ ತೊಂದರೆ. ಬೇವು ನನಗೆ ಇಷ್ಟ. ಸಾಮಿಲ್ಲಿನಲ್ಲಿ ಸಿಗುತ್ತದೆ, ತೂಕ ಹದವಾಗಿದೆ, ಮಗು ಬಾಯಿಗೆ ಹಾಕಿದರೂ ಕಹಿಗೆ ತಾನೇ ಉಗಿಯುತ್ತದೆ, ನನ್ನ ಅಕ್ಕನ ಮಗಳ ಮೇಲೆ ಪ್ರಯೋಗ ಆಗಿದೆ. ಚನ್ನಪಟ್ಟಣದವರು ಬಳಸುವ ಹಾಲೆ ಮರ ಎಲ್ಲಕ್ಕಿಂತ ಚೆಂದ, ಬೆಣ್ಣೆಯ ಹಾಗೆ ಕತ್ತರಿಸುತ್ತದೆ, ಆದರೆ ನಮ್ಮ ಕಡೆ ಅಗಲವಾದ ಹಲಗೆ ಸಿಗುವುದು ಕಷ್ಟ. ಬಳ್ಳಾರಿ ಜಾಲಿ? ಎಲ್ಲಿ ನೋಡಿದರೂ ಅದೇ ಇದೆಯಲ್ಲ, ಪುಕ್ಕಟೆ ಸಿಗುತ್ತದಲ್ಲ ಅಂತ ನಾನೂ ಆಸೆಪಟ್ಟೆ. ಒಂದು ಆನೆಗೆ ಐದು ಬ್ಲೇಡ್ ಮುರಿದವು. ಕಲ್ಲಿನಂಥ ಕಟ್ಟಿಗೆ, ನೆಟ್ಟಗಿನ ತುಂಡೂ ಸಿಗುವುದಿಲ್ಲ. ಆದರೆ ಬಣ್ಣ ಮಾತ್ರ ಕಾಫಿ ಪುಡಿಯ ಹಾಗೆ, ಮನಸ್ಸು ಇನ್ನೂ ಬಿಟ್ಟಿಲ್ಲ.

ತೋರಣಗಲ್ಲು ಕಡೆಯ ಕಾರ್ಖಾನೆಗಳಿಗೆ ಯಂತ್ರ ಬರುವ ಪೆಟ್ಟಿಗೆಗಳ ಪೈನ್ ಕಟ್ಟಿಗೆ ಗುಜರಿಯಲ್ಲಿ ಸಿಗುತ್ತದೆ. ಕೊಳ್ಳುವ ಮುಂಚೆ ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂದರೆ ಬಿಸಿಮಾಡಿ ಹುಳ ಸಾಯಿಸಿದ್ದು, ತೊಂದರೆ ಇಲ್ಲ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಕೊಟ್ಟಿದ್ದು, ಮಕ್ಕಳ ಸಾಮಾನಿಗೆ ಮುಟ್ಟಲೂಬೇಡಿ.

ಗಟ್ಟಿ ಕಟ್ಟಿಗೆಗೂ ಪ್ಲೈವುಡ್ಡಿಗೂ ಇನ್ನೊಂದು ವ್ಯತ್ಯಾಸ ನನಗೆ ಮಂಗಳೂರು ಕಲಿಸಿತು. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಕಟ್ಟಿಗೆ ಒಣಗಿ ಕುಗ್ಗಿರುತ್ತದೆ. ಆ ಹೊತ್ತಿನಲ್ಲಿ ಬೇವಿನ ತಟ್ಟೆಗೆ ಬಿಗಿಯಾಗಿ ಕೂರುವ ಹಾಗೆ ತುಂಡು ಕತ್ತರಿಸಿ ಮಂಗಳೂರಿಗೆ ಕಳಿಸಿದೆ. ಜೂನ್‌ನಲ್ಲಿ ಫೋನ್ ಬಂತು, "ತುಂಡು ಹೊರಗೇ ಬರ್ತಾ ಇಲ್ಲ ಮಾರಾಯ್ರೆ, ಮಗು ಅಳ್ತಾ ಉಂಟು." ಕಟ್ಟಿಗೆ ತೇವ ಹೀರಿ ನಾರಿಗೆ ಅಡ್ಡಲಾಗಿ ಉಬ್ಬಿತ್ತು. ಅಂದಿನಿಂದ ತಟ್ಟೆಯೊಳಗೆ ಕೂರುವ ಪಜಲ್ ಅಂದರೆ ಪ್ಲೈವುಡ್, ನಿಲ್ಲಿಸಿ ಆಡುವುದು ಅಂದರೆ ಗಟ್ಟಿ ಕಟ್ಟಿಗೆ.

ಮೇಲಿನ ಲೇಪಕ್ಕೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು ಬೇಗ ಒಣಗುತ್ತದೆ. ಅಗಸೆ ಎಣ್ಣೆ ನಮ್ಮ ಕಡೆಯ ಗಾಣದಲ್ಲೇ ಸಿಗುತ್ತದೆ, ಒಣಗಲು ವಾರಗಟ್ಟಲೆ ಬೇಕು ಆದರೆ ಹೊಳಪು ಬೇರೆಯೇ. ಬಣ್ಣದಂಗಡಿಯ ಬಾಯಿಲ್ಡ್ ಎಣ್ಣೆ ಬೇಡ, ಬೇಗ ಒಣಗಲಿ ಅಂತ ಅದರಲ್ಲಿ ಲೋಹದ ರಾಸಾಯನಿಕ ಸೇರಿಸಿರುತ್ತಾರೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಲ್ಲಿ ಆ ಬಿಸಿ ಹೊರಗೆ ಹೋಗದೆ ತಾನೇ ಬೆಂಕಿ ಹತ್ತಬಹುದು. ಕಟ್ಟಿಗೆ ಹೊಟ್ಟು ತುಂಬಿದ ಶೆಡ್ಡಿನಲ್ಲಿ ನಮ್ಮ ಬೇಸಿಗೆಯಲ್ಲಿ ಇದು ಆಟ ಅಲ್ಲ. ಹರಡಿ ಒಣಗಿಸಿ ಅಥವಾ ನೀರಲ್ಲಿ ನೆನೆಸಿಡಿ.

ಕಾನೂನು ಬೇಜಾರಿನ ವಿಷಯ, ಆದರೂ ಬಿಡಲಾಗದು. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2020 ಅಂತ ಇದೆ, 2021ರ ಜನವರಿ 1ರಿಂದ ಜಾರಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೈಸೆನ್ಸ್, ಐಎಸ್‌ಐ ಗುರುತು ಬೇಕು. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿ ಮಾರುವುದಕ್ಕೆ, ಜಿಐ (ಒಂದು ಊರಿನ ಹೆಸರಾಂತ ಸಾಮಾನಿಗೆ ಕೊಡುವ ಭೌಗೋಳಿಕ ಗುರುತು) ಗುರುತಿನ ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ. ಪಕ್ಕದ ಕಿನ್ನಾಳದ ಚಿತ್ರಗಾರರ ಗೊಂಬೆಗೆ ಜಿಐ ಇದೆ. ಹುಣಸೆ ಬೀಜದ ಅಂಟಿನಿಂದ ಜೋಡಿಸಿ ಬಣ್ಣ ಕೊಡುವ ಆ ಕೆಲಸವೇ ಬೇರೆ, ನಮ್ಮ ಪಜಲ್‌ಗೆ ಕಿನ್ನಾಳದ ಹೆಸರು ಹಾಕುವುದು ತಪ್ಪು. ನಮ್ಮಂಥವರು ಆ ಆಯುಕ್ತರ ಕಚೇರಿ ಕೊಡುವ ಕುಶಲಕರ್ಮಿ ಗುರುತಿನ ಚೀಟಿ, ಪೆಹಚಾನ್ ಕಾರ್ಡ್, ಮಾಡಿಸಿಕೊಳ್ಳುವುದೇ ದಾರಿ. ಲೇಸರ್ ಇಟ್ಟು ಸಾವಿರಗಟ್ಟಲೆ ಹೊಡೆಯುವವರು ಆ ವಿನಾಯಿತಿಯ ಮೇಲೆ ಭರವಸೆ ಇಡುವ ಮುಂಚೆ ಯೋಚಿಸಿ. ಮೂರು ವರ್ಷದೊಳಗಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕುವ ತುಂಡು ಇರಬಾರದು. ಪರೀಕ್ಷೆಯ ಸಿಲಿಂಡರ್ 31.7 ಮಿ.ಮೀ. ಅಗಲದ್ದು, ಅದರೊಳಗೆ ಪೂರ್ತಿ ಇಳಿಯುವ ತುಂಡು ಆ ವಯಸ್ಸಿಗೆ ಬೇಡ. ಮಷೀನಿಗೆ ರೊಕ್ಕ ಇಲ್ಲದವರು ಕಸುಬುದಾರರಿಗೆ ಅಂತ ಇರುವ ಕೇಂದ್ರದ ಯೋಜನೆ ಪಿಎಂ ವಿಶ್ವಕರ್ಮ ನೋಡಿ. 18 ಕಸುಬುಗಳಲ್ಲಿ ಬಡಿಗರೂ ಇದ್ದಾರೆ, ಗೊಂಬೆ-ಆಟಿಕೆ ಮಾಡುವವರೂ ಇದ್ದಾರೆ. ಸಲಕರಣೆಗೆ 15,000 ರೂಪಾಯಿ, ಮೊದಲ ಹಂತದ ಸಾಲ 1 ಲಕ್ಷದವರೆಗೆ, ಬಡ್ಡಿ ಶೇ. 5.

ಮಾರುವ ಜಾಗದ ಮೇಲೂ ಆಯ್ಕೆ ನಿಂತಿದೆ. ಜನವರಿಯ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಜನ ಲಕ್ಷಗಟ್ಟಲೆ, ಆದರೆ ಚೌಕಾಸಿಯೂ ಅಷ್ಟೇ. "ಏನ್ರೀ ಅಣ್ಣಾರ, ಇಷ್ಟ ಕಟ್ಟಿಗಿಗೆ ಮುನ್ನೂರೈವತ್ತಾ?" ಅಂತ ಕೇಳುವ ಅವ್ವನಿಗೆ ಆನೆ ಕತ್ತರಿಸಲು 20 ನಿಮಿಷ, ಆಮೇಲೆ 120, 220 ನಂಬರಿನ ಪಾಲಿಶ್ ಪೇಪರಿನಲ್ಲಿ ಉಜ್ಜಲು 40 ನಿಮಿಷ ಬೇಕಾಯಿತು ಅಂತ ಹೇಳುತ್ತಾ ಕೂರಲಾಗದು. ಜಾತ್ರೆಗೆ ನೂರೈವತ್ತರೊಳಗಿನ ಸಣ್ಣ ತುಂಡು ಒಯ್ಯಿರಿ. ಆನೆಗುಂದಿ, ಹಂಪಿ ಕಡೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಹಗುರ, ಚಪ್ಪಟೆ ಸಾಮಾನು ಓಡುತ್ತದೆ, ಬ್ಯಾಗಿನಲ್ಲಿ ಹಿಡಿಯಬೇಕಲ್ಲ. ದಪ್ಪ ಆನೆ ಬೆಂಗಳೂರಿಗೆ ಆನ್‌ಲೈನ್‌ನಲ್ಲಿ. ಶಾಲೆಗಳಿಗೆ ಕರ್ನಾಟಕದ ನಕಾಶೆ. ಅದನ್ನು 30 ಜಿಲ್ಲೆ ಅಂತ ಲೇಸರಿನಲ್ಲಿ ಹೆಸರು ಕೊರೆಸಿ ಐವತ್ತು ಸೆಟ್ ಮಾಡಿಟ್ಟಿದ್ದೆ, 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಬಂತು, ಐವತ್ತೂ ದಂಡ. ಈಗ ಜಿಲ್ಲೆಯ ಹೆಸರನ್ನು ಕೈಯಲ್ಲೇ ಬರೆಯುತ್ತೇನೆ.

ಮಷೀನ್ ಆರ್ಡರ್ ಮಾಡುವಾಗಲೇ 3 ಮತ್ತು 5ನೇ ನಂಬರಿನ ಚಪ್ಪಟೆ ಬ್ಲೇಡ್ ತಲಾ ಎರಡು ಡಜನ್ ಹಾಕಿಬಿಡಿ. ಕೊಪ್ಪಳದಲ್ಲಿ ಹುಡುಕಿದರೆ ನನಗೆ ಸಿಕ್ಕಿಲ್ಲ, ಮೊದಲ ಡಜನ್ ಹೇಗಿದ್ದರೂ ವಾರದೊಳಗೆ ಮುರಿಯುತ್ತದೆ. 2/0 ಈಗಲೇ ಬೇಡ, ಕೈ ಕೂತ ಮೇಲೆ ತರಿಸಿ.